ದೊಡ್ಡಪತ್ರೆ, ಅಜವಾನ, ಸಾಂಬ್ರಾಣಿ: ಗಿಡ ಒಂದೇನಾ, ಬೇರೆ ಬೇರೆನಾ?

ಪ್ರಶ್ನೆ: ನರ್ಸರಿಯಲ್ಲಿ ‘ಅಜವಾನದ ಗಿಡ’ ಅಂತ ಒಂದು ಕುಂಡ ಕೊಂಡುಕೊಂಡೆ. ಮನೆಗೆ ತಂದರೆ ಅತ್ತೆ, ‘ಇದು ನಮ್ಮ ದೊಡ್ಡಪತ್ರೆ ಅಲ್ವಾ’ ಅಂದರು. ಮಂಗಳೂರಿನಲ್ಲಿರುವ ನಾದಿನಿ ಇದಕ್ಕೆ ಸಾಂಬ್ರಾಣಿ ಅನ್ನುತ್ತಾಳೆ. ಅಮೆರಿಕದಲ್ಲಿರುವ ಮಗ ಫೋಟೊ ನೋಡಿ, ‘ಇಲ್ಲಿ ಇದನ್ನ ಕ್ಯೂಬನ್ ಒರೆಗಾನೊ ಅಂತ ಮಾರ್ತಾರಮ್ಮ’ ಅಂದ. ಮನೆಯಲ್ಲಿರುವ ಹಳೆಯ ಔಷಧಿ ಗಿಡಗಳ ಪುಸ್ತಕದಲ್ಲಿ ಕೋಲಿಯಸ್ ಅರೋಮ್ಯಾಟಿಕಸ್ ಅಂತಿದೆ. ಮೊಬೈಲ್ ಆ್ಯಪ್ ಪ್ಲೆಕ್ಟ್ರಾಂಥಸ್ ಅಂಬೊಯ್ನಿಕಸ್ ಅಂತ ತೋರಿಸುತ್ತದೆ. ಇವೆಲ್ಲ ಒಂದೇ ಗಿಡವೇ? ಯಾವ ಹೆಸರು ಸರಿ? ಇದರಲ್ಲಿ ಓಂಕಾಳು ಬಿಡುತ್ತದೆಯೇ? ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಕುಂಡದ ಗಿಡದಲ್ಲಿ ಓಂಕಾಳು, ಅಂದರೆ ಅಜವಾನ, ಬಿಡುವುದಿಲ್ಲ. ಎಷ್ಟು ವರ್ಷ ಕಾದರೂ ಇಲ್ಲ. ಓಂಕಾಳಿನ ಗಿಡವೇ ಬೇರೆ, ಅದರ ಕುಟುಂಬವೇ ಬೇರೆ. ನೀವು ತಂದಿರುವುದು ದೊಡ್ಡಪತ್ರೆ. ನಿಮ್ಮ ಅತ್ತೆ ಹೇಳಿದ್ದು ಸರಿ. ನಾದಿನಿ ಹೇಳಿದ್ದೂ ಸರಿ, ಮಗ ಹೇಳಿದ್ದೂ ಸರಿ. ಪುಸ್ತಕದ ಹೆಸರು, ಆ್ಯಪ್‌ನ ಹೆಸರು ಎರಡೂ ಇದೇ ಗಿಡದವು, ಆದರೆ ಎರಡೂ ಈಗ ಹಳೆಯವಾಗಿವೆ. ಸಸ್ಯವಿಜ್ಞಾನಿಗಳು ಸದ್ಯ ಒಪ್ಪಿರುವ ಹೆಸರು ಕೋಲಿಯಸ್ ಅಂಬೊಯ್ನಿಕಸ್. ಇಷ್ಟರಲ್ಲಿ ದಾರಿ ತಪ್ಪಿಸುವ ಹೆಸರು ಅಂದರೆ ನರ್ಸರಿಯವರು ಕೊಟ್ಟದ್ದೊಂದೇ.

ಫೋಟೊ ಸ್ಪಷ್ಟವಾಗಿದೆ. ಆದರೂ ನನ್ನ ಮಾತನ್ನೇ ನಂಬಿ ಕೂರಬೇಡಿ. ಕುಂಡದ ಹತ್ತಿರ ಹೋಗಿ ನೀವೇ ನೋಡಿ.

ಎಳೆಯ ಕಾಂಡವೊಂದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ. ಅದು ದುಂಡಗೆ ಉರುಳುವುದಿಲ್ಲ. ನಾಲ್ಕು ಮೂಲೆ ಬೆರಳಿಗೆ ತಾಗುತ್ತದೆ. ಬಲಿತ ಕಾಂಡದಲ್ಲಿ ಇದು ಅಷ್ಟು ಗೊತ್ತಾಗದು, ಅದಕ್ಕೇ ಎಳೆಯದನ್ನು ಹಿಡಿಯಿರಿ ಅಂದೆ. ಈಗ ಎಲೆ ನೋಡಿ. ಒಂದು ಗೆಣ್ಣಿನಲ್ಲಿ ಎರಡೆರಡು ಎಲೆ, ಎದುರುಬದುರು. ಅದರ ಮೇಲಿನ ಗೆಣ್ಣಿನ ಜೋಡಿ ಕೆಳಗಿನದಕ್ಕೆ ಅಡ್ಡಲಾಗಿ ಕೂತಿರುತ್ತದೆ. ಮೇಲಿನಿಂದ ನೋಡಿದರೆ ಕೂಡುವ (+) ಗುರುತಿನ ಹಾಗೆ ಕಾಣುತ್ತದೆ. ಎಲೆ ದಪ್ಪ, ಮಡಿಸಿದರೆ ಚಟ್ಟನೆ ಮುರಿದು ನೀರೊಡೆಯುತ್ತದೆ. ಅಂಚಿನಲ್ಲಿ ಮೊಂಡು ಹಲ್ಲು, ಮೈಮೇಲೆಲ್ಲ ಮೃದು ರೋಮ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಎಲೆಯ ಅಡಿಭಾಗಕ್ಕೆ ಹಿಡಿಯಿರಿ. ರೋಮಗಳ ನಡುವೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ನೀವು ಎಲೆ ಸವರಿದ ಕೂಡಲೇ ಕೈಗೆ ವಾಸನೆ ಹತ್ತುವುದು ಅವು ಒಡೆಯುವುದರಿಂದ.

ಚೌಕ ಕಾಂಡ, ಎದುರುಬದುರು ಎಲೆ, ಘಮ, ಎರಡು ತುಟಿಯ ಹೂ – ಇವು ನಾಲ್ಕೂ ಸೇರಿದರೆ ಅದು ಬಹುತೇಕ ಲ್ಯಾಮಿಯೇಸಿಯೆ ಕುಟುಂಬ. ನಮ್ಮ ತುಳಸಿ, ಪುದೀನ, ಕಾಮಕಸ್ತೂರಿ ಎಲ್ಲ ಇದೇ ಮನೆಯವು. ತುಳಸಿಕಟ್ಟೆಯ ಹತ್ತಿರ ಹೋಗಿ ಎಳೆಯ ಕಾಂಡ ಮುಟ್ಟಿ ನೋಡಿ, ಅದೂ ಚೌಕವೇ. ನಿಮ್ಮ ಕಡೆ ಕಾಡಲ್ಲಿ ಬೆಳೆಯುವ ಸಾಗುವಾನಿಯನ್ನೂ ಈಗ ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಅದರ ಎಳೆ ರೆಂಬೆಗಳಿಗೂ ನಾಲ್ಕು ಮೂಲೆ ಇದೆ. ಇಷ್ಟು ದೊಡ್ಡ ಮರ ತುಳಸಿಗೆ ನಂಟ ಅಂದರೆ ಮೊದಲ ಸಲ ಕೇಳಿದವರು ನಂಬುವುದೇ ಇಲ್ಲ.

ಓಂಕಾಳಿನ ಗಿಡಕ್ಕೆ ಇವುಗಳಲ್ಲಿ ಘಮ ಬಿಟ್ಟು ಬೇರೇನೂ ಇಲ್ಲ. ಅದರ ಹೆಸರು ಟ್ರಾಕಿಸ್ಪರ್ಮಮ್ ಅಮ್ಮಿ. ಕೊತ್ತಂಬರಿ, ಜೀರಿಗೆ, ಸೋಂಪು, ಸಬ್ಬಸಿಗೆ ಇರುವ ಏಪಿಯೇಸಿಯೆ ಕುಟುಂಬದ್ದು. ಎಲೆ ಸಬ್ಬಸಿಗೆಯ ಹಾಗೆ ಎಳೆಎಳೆಯಾಗಿ ಸೀಳಿರುತ್ತದೆ. ಬಿಳಿ ಹೂ ಕೊಡೆ ಬಿಚ್ಚಿದ ಹಾಗೆ ಗೊಂಚಲಾಗಿ ಬರುತ್ತದೆ. ಬಿತ್ತಿ, ಬೆಳೆದು, ಕಾಳು ಕೊಟ್ಟು ಒಂದೇ ಹಂಗಾಮಿನಲ್ಲಿ ಮುಗಿದುಹೋಗುವ ಗಿಡ. ರಾಜಸ್ಥಾನ, ಗುಜರಾತ್ ಕಡೆ ಜಾಸ್ತಿ ಬೆಳೆಯುತ್ತಾರೆ. ನಾವು ಕಾಳು ಅನ್ನುವುದು ನಿಜಕ್ಕೂ ಅದರ ಒಣಗಿದ ಹಣ್ಣು. ಅದರ ಮೈಮೇಲಿನ ಗೆರೆಗಳನ್ನು ನೋಡಿರುತ್ತೀರಿ. ಎಣ್ಣೆ ಇರುವುದು ಒಳಗಿನ ಸಣ್ಣ ಕೊಳವೆಗಳಲ್ಲಿ. ಹಾಗಾಗಿ ಓಂಕಾಳನ್ನು ಅಂಗೈಯಲ್ಲಿ ತಿಕ್ಕಬೇಕು, ಇಲ್ಲವೇ ಹುರಿಯಬೇಕು, ಆಗ ಘಮ ಬರುತ್ತದೆ. ದೊಡ್ಡಪತ್ರೆಗೆ ಬರೀ ಮುಟ್ಟಿದರೆ ಸಾಕು.

ಹಾಗಾದರೆ ಎರಡೂ ಒಂದೇ ಥರ ಯಾಕೆ ವಾಸನೆ ಬರುತ್ತವೆ? ಎಲ್ಲ ಗೊಂದಲದ ಬೇರು ಇಲ್ಲೇ ಇದೆ.

ಓಂಕಾಳಿನ ಘಮಕ್ಕೆ ಮುಖ್ಯ ಕಾರಣ ಥೈಮಾಲ್ ಅನ್ನುವ ವಸ್ತು. ಗ್ರಂಧಿಗೆ ಅಂಗಡಿಯಲ್ಲಿ ‘ಓಮದ ಹೂವು’ ಅಂತ ಬಿಳಿ ಹರಳು ಮಾರುತ್ತಾರಲ್ಲ, ಅದೇ ಇದು, ಹೂವಲ್ಲ. ದೊಡ್ಡಪತ್ರೆಯ ಎಣ್ಣೆಯಲ್ಲಿ ಥೈಮಾಲ್ ಜೊತೆಗೆ ಕಾರ್ವಕ್ರಾಲ್ ಅನ್ನುವ ಅದರ ಜೋಡಿ ವಸ್ತು ಇರುತ್ತದೆ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಅಷ್ಟೇ. ಹತ್ತು ಇಂಗಾಲ, ಹದಿನಾಲ್ಕು ಜಲಜನಕ, ಒಂದು ಆಮ್ಲಜನಕ. ಆ ಒಂದು ಆಮ್ಲಜನಕ ಇಂಗಾಲಗಳು ಕೂಡಿ ಆದ ಉಂಗುರದ ಯಾವ ಮೂಲೆಗೆ ಅಂಟಿಕೊಂಡಿದೆ ಅನ್ನುವುದಷ್ಟೇ ವ್ಯತ್ಯಾಸ. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊದಲ್ಲಿ ಕಾರ್ವಕ್ರಾಲ್, ಯುರೋಪಿನವರ ಥೈಮ್ ಸೊಪ್ಪಿನಲ್ಲಿ ಥೈಮಾಲ್ ಹೆಚ್ಚಾಗಿ ಸಿಗುತ್ತದೆ. ಅಂದರೆ ನಾಲ್ಕೂ ಗಿಡ ಬೇರೆ ಬೇರೆ, ಆದರೆ ಮೂಗಿಗೆ ಒಂದೇ ಬಳಗ. ಗಿಡಗಳಿಗೆ ಇದು ಹುಳು, ಬೂಷ್ಟು ದೂರವಿಡುವ ಸಾಧನ. ನಮಗೆ ಅದು ರುಚಿ.

ಈಗ ಊರೂರಿನ ಹೆಸರುಗಳನ್ನು ಮತ್ತೆ ನೋಡಿ. ತೆಲುಗರು ಇದನ್ನು ವಾಮು ಆಕು ಅನ್ನುತ್ತಾರೆ, ಅಂದರೆ ಓಮದ ಎಲೆ. ಮರಾಠಿಯಲ್ಲಿ ಪಾನ್ ಓವಾ. ತಮಿಳಿನಲ್ಲಿ ಓಮವಳ್ಳಿ, ಕರ್ಪೂರವಳ್ಳಿ. ಕ್ಯೂಬಾದವರಿಗೆ ಇದು ಒರೆಗಾನೊ. ಟ್ರಿನಿಡಾಡಿನಲ್ಲಿ ಇದನ್ನೇ ಅಗಲ ಎಲೆಯ ಥೈಮ್, ಸ್ಪ್ಯಾನಿಷ್ ಥೈಮ್ ಅಂತ ಮಸಾಲೆಗೆ ಅರೆಯುತ್ತಾರೆ. ಯಾರಿಗೆ ಯಾವ ಘಮ ಮೊದಲೇ ಪರಿಚಯವಿತ್ತೋ ಆ ಹೆಸರನ್ನು ಈ ಗಿಡಕ್ಕೆ ಕೊಟ್ಟರು. ಸುಮ್ನೆ ಇಟ್ಟ ಹೆಸರುಗಳಲ್ಲ ಇವು. ಅವರ ಮೂಗು ರಸಾಯನಶಾಸ್ತ್ರವನ್ನು ಸರಿಯಾಗಿಯೇ ಓದಿದೆ. ಮಲಯಾಳದಲ್ಲಿ ಮಾತ್ರ ಹೆಸರು ಬಂದದ್ದು ಬಳಕೆಯಿಂದ. ಅಲ್ಲಿ ಇದು ಪನಿಕೂರ್ಕ, ‘ಪನಿ’ ಅಂದರೆ ಜ್ವರ. ಬರೀ ಕೂರ್ಕ ಅಂದರೆ ಒಂದು ಸಣ್ಣ ಗೆಡ್ಡೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಸಾಂಬ್ರಾಣಿ ಗೆಡ್ಡೆ ಅನ್ನುತ್ತಾರಲ್ಲ, ಅದೇ. ಆ ಗೆಡ್ಡೆಯ ಗಿಡ ಕೋಲಿಯಸ್ ರೊಟುಂಡಿಫೋಲಿಯಸ್, ದೊಡ್ಡಪತ್ರೆಯ ಒಡಹುಟ್ಟು. ಮಲಯಾಳಿಗಳು ಎರಡಕ್ಕೂ ಕೂರ್ಕ ಅಂದರು, ಕರಾವಳಿಯವರು ಎರಡಕ್ಕೂ ಸಾಂಬ್ರಾಣಿ ಅಂದರು. ಇವೆರಡೂ ಹತ್ತಿರದ ನಂಟರು ಅನ್ನುವುದು ಊರಿನವರಿಗೆ ಯಾವ ಪ್ರಯೋಗಾಲಯವೂ ಇಲ್ಲದೆ ಹೊಳೆದಿತ್ತು. ನನಗೆ ಈ ವಿಷಯ ಯಾವತ್ತೂ ಖುಷಿ ಕೊಡುತ್ತದೆ. ಆದರೆ ಧೂಪಕ್ಕೆ ಹಾಕುವ ಸಾಂಬ್ರಾಣಿ ಮಾತ್ರ ಬೇರೆ. ಅದು ಮರದ ಅಂಟು, ಅಡುಗೆಗಲ್ಲ.

‘ಇಂಡಿಯನ್ ಬೊರೇಜ್’ ಅಂತ ಇನ್ನೊಂದು ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುತ್ತದೆ. ಬೊರೇಜ್ ಯುರೋಪಿನ ಗಿಡ, ನೀಲಿ ನಕ್ಷತ್ರದಂಥ ಹೂವಿನದು, ಎಲೆಗೆ ಸೌತೆಕಾಯಿ ವಾಸನೆ. ರೋಮದ ಎಲೆ ಬಿಟ್ಟರೆ ದೊಡ್ಡಪತ್ರೆಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆ ಹೆಸರನ್ನು ಮರೆತುಬಿಡಿ.

ಇನ್ನು ಪುಸ್ತಕದ ಹೆಸರುಗಳ ವಿಚಾರ. ಒಂದೇ ಗಿಡಕ್ಕೆ ವಿಜ್ಞಾನಿಗಳೇ ಇಷ್ಟು ಸಲ ಹೆಸರು ಬದಲಿಸಿದರೆ ಜನ ಏನು ಮಾಡಬೇಕು ಅಂತ ನಿಮಗೆ ಬೇಸರ ಬಂದಿರಬಹುದು. ಆದರೆ ಪ್ರತಿ ಬದಲಾವಣೆಗೂ ಕಾರಣವಿದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗಿಡಗಳ ಹೆಸರಿನಲ್ಲಿ ಮುಖ್ಯ ಕಟ್ಟಳೆ ಒಂದೇ. ನಿಯಮದಂತೆ ಮೊದಲು ಪ್ರಕಟವಾದ ಹೆಸರಿಗೆ ಹಕ್ಕು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅವರ 1753ರ ಪುಸ್ತಕದಿಂದ ಈ ಲೆಕ್ಕ ಶುರು. 1788ರಲ್ಲಿ ಫ್ರಾನ್ಸಿನ ಲೆರಿಟಿಯೇ ಎಂಬವರು ಪ್ಲೆಕ್ಟ್ರಾಂಥಸ್ ಅನ್ನುವ ಜಾತಿಯನ್ನು (ಹತ್ತಿರದ ಪ್ರಭೇದಗಳ ಗುಂಪು, ಗಿಡದ ಹೆಸರಿನ ಮೊದಲ ಪದ ಇದರದು) ಹೆಸರಿಸಿದರು. ಹೂವಿನ ಬುಡದಲ್ಲಿ ಹುಂಜದ ಕಾಲಿನ ಮುಳ್ಳಿನಂಥ ಭಾಗ ಇರುವ ಗಿಡಕ್ಕೆ ಕೊಟ್ಟ ಹೆಸರು ಅದು. ಎರಡು ವರ್ಷ ಬಿಟ್ಟು, 1790ರಲ್ಲಿ, ಜುವಾಂವ್ ಡಿ ಲೌರೆರೊ ಎಂಬ ಪೋರ್ಚುಗೀಸ್ ಪಾದ್ರಿ ಲಿಸ್ಬನ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಈಗಿನ ವಿಯೆಟ್ನಾಂನಲ್ಲಿ ದಶಕಗಳ ಕಾಲ ಇದ್ದು ನೋಡಿದ ಗಿಡಗಳ ಪುಸ್ತಕ. ಅದರಲ್ಲಿ ದೊಡ್ಡಪತ್ರೆಗೆ ಕೋಲಿಯಸ್ ಅಂಬೊಯ್ನಿಕಸ್ ಅಂತ ಹೆಸರಿಟ್ಟರು. ಕೋಲಿಯಸ್ ಅನ್ನುವ ಜಾತಿಯೇ ಹುಟ್ಟಿದ್ದು ಈ ಗಿಡದಿಂದ.

ಅವರು ನೋಡಿದ್ದು ಹೂವಿನ ಒಳಗೆ. ತಿಳಿನೇರಳೆ ಬಣ್ಣದ ಸಣ್ಣ ಹೂ, ಕೆಳತುಟಿ ದೋಣಿಯಂತೆ ಗುಳಿಬಿದ್ದಿರುತ್ತದೆ. ಆ ಕೆಳತುಟಿಯನ್ನು ಸೂಜಿಯಲ್ಲಿ ಬಗ್ಗಿಸಿದರೆ ನಾಲ್ಕು ಕೇಸರಗಳು ಕಾಣುತ್ತವೆ. ಅವುಗಳ ಬುಡ ಒಂದಕ್ಕೊಂದು ಅಂಟಿಕೊಂಡು ಕೊಳವೆಯಾಗಿದೆ. ಅದರ ನಡುವಿನಿಂದ ಹೆಣ್ಣುಭಾಗದ ಶಲಾಕೆ ಹೊರಬರುತ್ತದೆ, ಒರೆಯೊಳಗೆ ಕತ್ತಿ ಇದ್ದ ಹಾಗೆ. ಗ್ರೀಕ್‌ನಲ್ಲಿ ‘ಒರೆ’ಗೆ ಇರುವ ಪದದಿಂದಲೇ ಕೋಲಿಯಸ್ ಬಂತು. ಅಂಬೊಯ್ನಿಕಸ್ ಅಂದರೆ ಅಂಬೊಯ್ನಾದ್ದು, ಇಂಡೊನೇಷ್ಯಾದ ಅಂಬೊನ್ ದ್ವೀಪದ್ದು ಅಂತ. ಇದು ಮಾತ್ರ ನಿಜವಲ್ಲ. ಗಿಡದ ತವರು ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗ, ಅರೇಬಿಯಾ, ಭಾರತ. ಅಂಬೊನ್‌ಗೆ ಅದು ಜನರ ಕೈಯಲ್ಲಿ ಹೋದದ್ದು. ಆದರೆ ಹೆಸರಿನ ಅರ್ಥ ತಪ್ಪು ಅಂತ ಹೆಸರು ಬದಲಿಸುವುದಕ್ಕೆ ನಿಯಮ ಬಿಡುವುದಿಲ್ಲ. ಬಿಟ್ಟಿದ್ದರೆ ಈ ಗೊಂದಲ ಹತ್ತರಷ್ಟಾಗುತ್ತಿತ್ತು.

1825ರಲ್ಲಿ ಜರ್ಮನಿಯ ಸ್ಪ್ರೆಂಗೆಲ್, ಇದು ಪ್ಲೆಕ್ಟ್ರಾಂಥಸ್ ಜೊತೆಗೇ ಇರಲಿ ಅಂತ ಪ್ಲೆಕ್ಟ್ರಾಂಥಸ್ ಅಂಬೊಯ್ನಿಕಸ್ ಮಾಡಿದರು. ಇತ್ತ ಭಾರತದ ಗಿಡವನ್ನು ಇಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಬೇರೆ ಅಂದುಕೊಂಡು ಅರೋಮ್ಯಾಟಿಕಸ್ ಅಂತ ಕರೆದಿದ್ದರು. 1830ರಲ್ಲಿ ಇಂಗ್ಲೆಂಡಿನ ಬೆಂಥಮ್ ಅದನ್ನು ಕೋಲಿಯಸ್ ಅರೋಮ್ಯಾಟಿಕಸ್ ಮಾಡಿದರು. ನಮ್ಮ ದೇಶದ ಔಷಧಿ ಸಸ್ಯಗಳ ಪುಸ್ತಕಗಳು ಹಿಡಿದುಕೊಂಡಿದ್ದು ಇದನ್ನೇ. ನಿಮ್ಮ ಮನೆಯ ಪುಸ್ತಕಕ್ಕೂ ಅದು ಹಾಗೆ ಬಂದಿದೆ. ಕೊನೆಗೆ ಎರಡೂ ಒಂದೇ ಗಿಡ ಅಂತ ತಿಳಿದಾಗ, ಹಿರಿಯ ಹೆಸರಾದ ಅಂಬೊಯ್ನಿಕಸ್ ಉಳಿಯಿತು.

ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ತಿರುವು. ಕೇಸರ ಅಂಟಿಕೊಂಡಿದ್ದರೆ ಕೋಲಿಯಸ್, ಬಿಡಿಯಾಗಿದ್ದರೆ ಪ್ಲೆಕ್ಟ್ರಾಂಥಸ್ ಅನ್ನುವ ಗೆರೆ ನಿಲ್ಲುವುದಿಲ್ಲ, ನಡುವಿನವು ಬಹಳ ಇವೆ ಅಂತ ಸಸ್ಯವಿಜ್ಞಾನಿಗಳಿಗೆ ಅನ್ನಿಸಿತು. ಎರಡನ್ನೂ ಸೇರಿಸಿದರು. ಸೇರಿಸಿದಾಗ ಹಿರಿಯ ಹೆಸರಿಗೆ ಹಕ್ಕು, 1788 ಮೊದಲೋ 1790 ಮೊದಲೋ? ಹಾಗಾಗಿ ಎಲ್ಲವೂ ಪ್ಲೆಕ್ಟ್ರಾಂಥಸ್ ಆದವು. ನಿಮ್ಮ ಆ್ಯಪ್ ಇನ್ನೂ ಇಲ್ಲೇ ನಿಂತಿದೆ. ಆಮೇಲೆ ಡಿಎನ್ಎ ಪರೀಕ್ಷೆ ಬಂತು. ಒಂದೇ ರಾಶಿ ಅಂದುಕೊಂಡಿದ್ದರಲ್ಲಿ ಸ್ಪಷ್ಟವಾಗಿ ಬೇರೆ ಬೇರೆ ವಂಶಗಳಿವೆ ಅಂತ ಗೊತ್ತಾಯಿತು. 2019ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಅಲನ್ ಪ್ಯಾಟನ್ ಮತ್ತು ಜೊತೆಗಾರರು ಕೋಲಿಯಸ್ಸನ್ನು ಮತ್ತೆ ಎತ್ತಿ ನಿಲ್ಲಿಸಿದರು. 294 ಪ್ರಭೇದಗಳು ಅದರಡಿಗೆ ಬಂದವು. ದೊಡ್ಡಪತ್ರೆಗೆ ಲೌರೆರೊ ಇಟ್ಟ ಮೊದಲ ಹೆಸರೇ ವಾಪಸ್ ಸಿಕ್ಕಿತು. ಅಂದದ ಬಣ್ಣದೆಲೆಯ ಗಿಡವನ್ನು ನರ್ಸರಿಯವರು ಈ ಎಲ್ಲ ವರ್ಷಗಳೂ ಕೋಲಿಯಸ್ ಅಂತಲೇ ಕರೆಯುತ್ತಿದ್ದರು. ಅದೂ ಈಗ ಪುಸ್ತಕದಲ್ಲಿ ಕೋಲಿಯಸ್ಸೇ.

ಇಷ್ಟೆಲ್ಲ ಹೆಸರಿನ ಗೋಜು ಅಡುಗೆಮನೆಗೆ ಯಾಕೆ ಬೇಕು ಅಂತ ಕೇಳಬಹುದು. ಬೇಕು. ಯಾಕೆ ಅಂತ ಹೇಳುತ್ತೇನೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಪಾಷಾಣಭೇದ ಅನ್ನುವ ಮದ್ದಿದೆ, ಮೂತ್ರಕೋಶದ ಕಲ್ಲು ಒಡೆಯುವಂಥದ್ದು ಅಂತ. ಆ ಹೆಸರಿನಲ್ಲಿ ಹಿಮಾಲಯದ ಬೆರ್ಜೀನಿಯಾದ ಬೇರು ಮಾರುತ್ತಾರೆ, ದಕ್ಷಿಣದಲ್ಲಿ ಬಿಳಿಹಿಂಡಿ ಸೊಪ್ಪನ್ನೂ ಕೊಡುತ್ತಾರೆ, ಕೆಲವು ಪುಸ್ತಕಗಳು ದೊಡ್ಡಪತ್ರೆಯನ್ನೂ ಇದೇ ಅನ್ನುತ್ತವೆ, ಕಾಡುಬಸಳೆಯನ್ನೂ ಅನ್ನುತ್ತವೆ. ಹಿಂದಿಯಲ್ಲಿ ದೊಡ್ಡಪತ್ರೆಗೆ ಪತ್ಥರ್‌ಚೂರ್, ಕಾಡುಬಸಳೆಗೆ ಪತ್ಥರ್‌ಚಟ್ಟಾ. ಕಾಡುಬಸಳೆ ಅಂದರೆ ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ ದಪ್ಪೆಲೆ ಗಿಡ. ಅದರಲ್ಲಿ ಹೃದಯದ ಬಡಿತದ ಮೇಲೆ ಪರಿಣಾಮ ಮಾಡುವ ವಸ್ತುಗಳಿವೆ. ಅದನ್ನು ಮೇಯ್ದು ದನಗಳು ಸತ್ತ ದಾಖಲೆ ಆಸ್ಟ್ರೇಲಿಯಾದಲ್ಲಿದೆ. ‘ಕಲ್ಲಿಗೆ ಒಳ್ಳೆಯದಂತೆ’ ಅಂತ ಮೊಬೈಲಿನಲ್ಲಿ ಬಂದ ಮಾತು ನಂಬಿ ಒಂದರ ಬದಲು ಇನ್ನೊಂದನ್ನು ಅರೆದು ಕುಡಿದರೆ ಏನಾದೀತು, ನೀವೇ ಯೋಚಿಸಿ. ದಯವಿಟ್ಟು ಹೆಸರಿನ ಹೋಲಿಕೆ ನೋಡಿ ಮದ್ದು ಮಾಡಬೇಡಿ.

ನರ್ಸರಿಗಳಲ್ಲಿ ಇನ್ನೊಂದು ಗಿಡ ‘ವಿಕ್ಸ್ ಗಿಡ’ ಅಂತ ಸಿಗುತ್ತದೆ. ಇದೂ ದೊಡ್ಡಪತ್ರೆಯ ನಂಟನೇ. ಎಲೆ ಚಿಕ್ಕದು, ಮಖಮಲ್ಲಿನಂತೆ ಮೃದು, ವಾಸನೆ ಮೂಗಿಗೆ ಹಚ್ಚುವ ಮುಲಾಮಿನ ಹಾಗೆ. ಓಮದ ಘಮ ಇರುವುದಿಲ್ಲ. ಅದನ್ನು ಅಡುಗೆಗೆ ಹಾಕಬೇಡಿ. ಎಲೆಯಂಚು ಬೆಳ್ಳಗಿರುವ ದೊಡ್ಡಪತ್ರೆ ಸಿಕ್ಕರೆ ಮಾತ್ರ ಹೆದರಬೇಡಿ, ಅದು ಇದೇ ಗಿಡದ ಬಣ್ಣದ ತಳಿ.

ಅಡುಗೆಯ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ತಂಬುಳಿ, ಚಟ್ನಿ, ಬಜ್ಜಿ ಎಲ್ಲ ಅತ್ತೆಗೆ ಗೊತ್ತಿರುತ್ತದೆ. ಆದರೆ ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಬಾಡಿಸುವುದು ಯಾಕೆ ಅಂತ ಹೇಳಬಹುದು. ಹಸಿ ಎಲೆ ನಾಲಿಗೆಗೆ ಚುರುಗುಡುವುದು ಈ ಥೈಮಾಲ್, ಕಾರ್ವಕ್ರಾಲ್‌ನಿಂದ. ಬಿಸಿಗೆ ಅವು ಒಂದಿಷ್ಟು ಆರಿಹೋಗುತ್ತವೆ, ಉಳಿದದ್ದು ತುಪ್ಪಕ್ಕೆ ಇಳಿದು ಪೂರ್ತಿ ತಂಬುಳಿಗೆ ಹರಡುತ್ತದೆ. ಎಲೆಯ ರೋಮವೂ ಮೆತ್ತಗಾಗುತ್ತದೆ. ಜಾಸ್ತಿ ಹೊತ್ತು ಹುರಿದರೆ ಘಮವೇ ಇರದು. ಎಲೆ ಮಂಕಾಗಿ ಮುದುಡಿದ ಕೂಡಲೇ ಇಳಿಸಿ. ಮತ್ತೆ, ಒಂದೊಂದು ಮನೆಯ ದೊಡ್ಡಪತ್ರೆ ಒಂದೊಂದು ಘಾಟು ಇರುತ್ತದೆ. ಕೆಲವು ಗಿಡಗಳ ಎಣ್ಣೆಯಲ್ಲಿ ಥೈಮಾಲ್ ಮುಂದು, ಕೆಲವುದರಲ್ಲಿ ಕಾರ್ವಕ್ರಾಲ್ ಮುಂದು. ನಾದಿನಿಯ ಮನೆಯ ಗಿಡ ಹೆಚ್ಚು ರುಚಿ ಅನ್ನಿಸಿದರೆ ಅಲ್ಲಿಂದ ಒಂದು ತುಂಡು ತನ್ನಿ. ತುಂಡಿನಿಂದ ಬೆಳೆದ ಗಿಡ ತಾಯಿಯ ನಕಲೇ. ಮಕ್ಕಳ ಕೆಮ್ಮಿಗೆ ಎಲೆ ಬಾಡಿಸಿ ರಸಕ್ಕೆ ಜೇನು ಸೇರಿಸಿ ಕೊಡುವ ರೂಢಿ ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಇದು ಮನಸ್ಸಿನಲ್ಲಿರಲಿ.

ಗಿಡಕ್ಕೆ ನೀರು ಕಡಿಮೆ ಹಾಕಿ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಇದು. ದಿನಾ ಸುರಿದರೆ ಬುಡ ಕೊಳೆಯುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಸೂರಿನ ಕೆಳಗಿಡಿ. ನಾವು ಕುಡಿ ಚಿವುಟುತ್ತಲೇ ಇರುವುದರಿಂದ ಹೂ ಅಪರೂಪ. ಹೂ ನೋಡಬೇಕಿದ್ದರೆ ಒಂದು ಕುಂಡವನ್ನು ಚಿವುಟದೆ ಬಿಸಿಲಲ್ಲಿ ಬಿಟ್ಟು ನೋಡಿ. ಲೌರೆರೊ ಕಂಡ ಆ ಕೊಳವೆ ನಿಮಗೂ ಕಾಣಬಹುದು.

ಓಂಕಾಳಿನ ಗಿಡವನ್ನೇ ನೋಡಬೇಕು ಅಂದರೆ ನರ್ಸರಿಗೆ ಹೋಗಬೇಕಿಲ್ಲ. ಮಳೆ ಮುಗಿದ ಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಕಾಳು ತೆಗೆದು, ಹುರಿಯದ್ದು ನೋಡಿ, ಕುಂಡದ ಮಣ್ಣಿನ ಮೇಲೆ ಉದುರಿಸಿ ತೆಳ್ಳಗೆ ಮುಚ್ಚಿ. ಮೊಳೆತ ಮೇಲೆ ಆ ಎಳೆಎಳೆ ಎಲೆಯನ್ನು ದೊಡ್ಡಪತ್ರೆಯ ಪಕ್ಕ ಇಟ್ಟರೆ, ಎರಡಕ್ಕೂ ಒಂದೇ ಹೆಸರು ಇಡಲು ನಿಮಗೇ ಮನಸ್ಸು ಬಾರದು. ಮಗನಿಗೆ ಹೇಳಿ: ಅಂಗಡಿಯಲ್ಲಿ ಕ್ಯೂಬನ್ ಒರೆಗಾನೊ ಅಂತಲೇ ಕೇಳಲಿ, ಆದರೆ ಚೀಟಿಯ ಮೇಲೆ ಅಂಬೊಯ್ನಿಕಸ್ ಅನ್ನುವ ಪದ ಇದೆಯೇ ನೋಡಲಿ. ಅದಕ್ಕೆ ಮೊದಲು ಕೋಲಿಯಸ್ ಇದ್ದರೂ ಸರಿ, ಪ್ಲೆಕ್ಟ್ರಾಂಥಸ್ ಇದ್ದರೂ ಸರಿ. ಅಲ್ಲಿ ಮೆಕ್ಸಿಕನ್ ಒರೆಗಾನೊ ಅಂತ ಇನ್ನೊಂದಿದೆ, ಅದು ಲಿಪ್ಪಿಯಾ ಅನ್ನುವ ಬೇರೆಯೇ ಗಿಡ. ಹಿಮ ಬೀಳುವ ಮೊದಲು ಕುಂಡವನ್ನು ಒಳಗೆ ಬಿಸಿಲು ಬರುವ ಕಿಟಕಿಗೆ ತಂದಿಡಬೇಕು. ಮರೆತರೆ ಒಂದೇ ರಾತ್ರಿಗೆ ಹೋಗುತ್ತದೆ. ಅದಕ್ಕೇ ಚಳಿಗೆ ಮುಂಚೆ ಎರಡು ಕುಡಿ ಕತ್ತರಿಸಿ ನೀರಿನ ಲೋಟದಲ್ಲಿ ಇಟ್ಟುಕೊಂಡಿರಲಿ, ಅಲ್ಲೇ ಬೇರು ಬಿಡುತ್ತದೆ.